ನಿದ್ರಿಸುವ ಅತಿಥಿಗಳು: ಗಣಕ ಇಮೇಜ್‌ಗಳ ನವೀಕರಣ



ಅತಿಥಿ ಉಪನ್ಯಾಸಕ್ಕೆಂದು ತಾವು ನನ್ನನ್ನು ಕರೆದಿರುವಿರಿ. ನಾನು ಆರಿಸಿಕೊಂಡ ವಿಷಯವೂ ಅತಿಥಿಗಳಿಗೇ ಸಂಬಂಧಿಸಿದ್ದು. ಒಂದೇ ಯಂತ್ರದೊಳಗೆ ಹಲವು ಗಣಕಗಳು ಸ್ವತಂತ್ರವಾಗಿ ಇರುವಂತೆ ತೋರುವ ವ್ಯವಸ್ಥೆಯೊಂದುಂಟು. ಆಶ್ರಯ ಕೊಡುವ ಯಂತ್ರಕ್ಕೆ ಆತಿಥೇಯವೆಂದೂ, ಅದರೊಳಗೆ ನಡೆಯುವ ಒಂದೊಂದು ವರ್ಚುಯಲ್ ಮೆಷಿನ್‌ಗೆ ಅತಿಥಿಯೆಂದೂ ಹೆಸರು. ಐಬಿಎಂ ಸಂಸ್ಥೆಯು 1972ರಲ್ಲಿಯೇ ವಿಎಂ/370 ಎಂಬ ಇಂತಹ ವ್ಯವಸ್ಥೆಯನ್ನು ಪ್ರಕಟಿಸಿತ್ತು. 1999ರಲ್ಲಿ ವಿಎಂವೇರ್ ಸಂಸ್ಥೆಯು ಈ ಸೌಲಭ್ಯವನ್ನು ಸಾಮಾನ್ಯ ಪಿ.ಸಿ.ಗಳಿಗೂ ತಂದಿತು.

ಅತಿಥಿಯ ಸರ್ವಸ್ವವೂ ಇಮೇಜ್ ಎಂಬ ಒಂದು ದೊಡ್ಡ ಕಡತದಲ್ಲಿ ಅಡಗಿರುತ್ತದೆ. ಅದರ ಪ್ರತಿ ತೆಗೆಯುವುದು ಸುಲಭ. ಸೌಕರ್ಯವೂ ಅಲ್ಲಿಯೇ, ಅಪಾಯವೂ ಅಲ್ಲಿಯೇ. ಮೂಲದಲ್ಲಿ ಒಂದು ಲೋಪವಿದ್ದರೆ ನೂರು ಪ್ರತಿಗಳಲ್ಲಿಯೂ ಅದೇ ಲೋಪ. ಮೇಲಾಗಿ, ಆರಿಸಿಟ್ಟ ಇಮೇಜ್ ತಾನಾಗಿ ನವೀಕರಣ ಪಡೆಯಲಾರದು. ಆರು ತಿಂಗಳು ನಿದ್ರಿಸಿದ ಅತಿಥಿಯು ಆರು ತಿಂಗಳ ಹಿಂದಿನ ದೌರ್ಬಲ್ಯಗಳೊಂದಿಗೇ ಎಚ್ಚರಗೊಳ್ಳುತ್ತದೆ.

ಇದರಿಂದೇನು ನಷ್ಟವೆಂದು ಕೇಳುವವರು ನಾವಿರುವ ಈ ದೇಶದ ಅನುಭವವನ್ನೇ ನೆನೆಯಬಹುದು. ವಿಂಡೋಸ್‌ನ ಒಂದು ಲೋಪಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಪರಿಹಾರ ನೀಡಿತ್ತು. ಅದೇ ಲೋಪದ ಮೂಲಕ ಮೇ 12ರಂದು ವಾನ್ನಾಕ್ರೈ ಹರಡಿತು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 80 ತೊಂದರೆಗೊಳಗಾದವು; ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ಔಷಧವಿತ್ತು, ಆದರೆ ಅದು ಎಲ್ಲ ಗಣಕಗಳನ್ನೂ ತಲುಪಿರಲಿಲ್ಲ.

ಹಾಗಾದರೆ ನೂರಾರು ಇಮೇಜ್‌ಗಳಿಗೆ ಔಷಧ ತಲುಪಿಸುವ ಬಗೆ ಯಾವುದು? ಮೂರು ಮಾರ್ಗಗಳಿವೆ.

ಮೊದಲನೆಯದು, ಒಂದೊಂದನ್ನೂ ಎಚ್ಚರಿಸಿ, ನವೀಕರಿಸಿ, ಮತ್ತೆ ಮಲಗಿಸುವುದು. ಸರಳವಾದರೂ ಕಾಲ ಹಿಡಿಯುತ್ತದೆ. ಎಚ್ಚರಗೊಂಡ ಕ್ಷಣದಲ್ಲಿ ಅದು ದುರ್ಬಲವಾಗಿರುವುದರಿಂದ ಪ್ರತ್ಯೇಕ ಜಾಲದಲ್ಲಿಯೇ ಎಚ್ಚರಿಸತಕ್ಕದ್ದು.

ಎರಡನೆಯದು, ಮಲಗಿರುವಾಗಲೇ ಇಮೇಜನ್ನು ತೆರೆದು ಒಳಗಿನ ತಂತ್ರಾಂಶವನ್ನು ಬದಲಿಸುವುದು. ಲಿನಕ್ಸ್‌ಗೆ ವರ್ಟ್-ಕಸ್ಟಮೈಸ್, ವಿಂಡೋಸ್‌ಗೆ ಡಿಸ್ಮ್ ಎಂಬ ಸಾಧನಗಳಿವೆ. ಆದರೆ ಅತಿಥಿಯು ನಿಜವಾಗಿಯೂ ಆರಿರಬೇಕು. ಒಂದೇ ಡಿಸ್ಕಿಗೆ ಇಬ್ಬರು ಏಕಕಾಲಕ್ಕೆ ಬರೆದರೆ ಕಡತವ್ಯವಸ್ಥೆಯೇ ಕೆಡುತ್ತದೆ.

ಮೂರನೆಯದು, ಮೂಲ ಇಮೇಜನ್ನೇ ಹೊಸದಾಗಿ ಕಟ್ಟಿ ಹಳೆಯ ಪ್ರತಿಗಳನ್ನು ತೆಗೆದುಹಾಕುವುದು. ಇದಕ್ಕೆ ಮಾಹಿತಿಯನ್ನು ಬೇರೆ ಡಿಸ್ಕಿನಲ್ಲಿ ಇರಿಸಿರಬೇಕು. ಪ್ರತಿಗಳು ಮೂಲದಿಂದಾದ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳುವ ಬಗೆಯವಾಗಿದ್ದರೆ, ಆ ಮೂಲವನ್ನು ಎಂದಿಗೂ ತಿದ್ದಬಾರದು. ತಿದ್ದಿದರೆ ಅದನ್ನು ಆಶ್ರಯಿಸಿದ ಪ್ರತಿಗಳೆಲ್ಲವೂ ಹಾಳಾದಾವು.

ಇನ್ನೊಂದು ಅಂಶ ಅನೇಕರಿಗೆ ಮರೆತುಹೋಗುತ್ತದೆ. ಅತಿಥಿಯೊಳಗೆ ವಿಎಂವೇರ್ ಟೂಲ್ಸ್, ಕ್ಯೂಇಎಂಯು ಗೆಸ್ಟ್ ಏಜೆಂಟ್ ಮುಂತಾದ ಸಹಾಯಕ ತಂತ್ರಾಂಶಗಳಿರುತ್ತವೆ. ಕ್ರಮವಾಗಿ ಆರಿಸುವುದು, ಪ್ರತಿ ತೆಗೆಯುವಾಗ ಬರವಣಿಗೆಯನ್ನು ಕ್ಷಣಕಾಲ ತಡೆಯುವುದು ಇವುಗಳ ಕೆಲಸ. ಇವು ಹಳತಾದರೆ, ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವ ಬ್ಯಾಕಪ್ಪು ಅಗತ್ಯದ ದಿನ ಕೈಕೊಡಬಹುದು.

ಹಾಗೆಂದು ಅವಸರವೂ ಸಲ್ಲದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ನವೀಕರಣವೊಂದು ಏಕಕಾಲಕ್ಕೆ ಎಲ್ಲೆಡೆ ಹೋಯಿತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು, ವಿಮಾನಗಳು ನಿಂತವು. ಏಳಲಾರದ ವರ್ಚುಯಲ್ ಮೆಷಿನ್‌ಗಳ ಡಿಸ್ಕನ್ನು ಕಳಚಿ, ಆರೋಗ್ಯವಂತ ಯಂತ್ರಕ್ಕೆ ಜೋಡಿಸಿ, ಕೆಟ್ಟ ಕಡತವನ್ನು ಅಳಿಸಿ ಮರಳಿಸುವುದು ಆಗ ಸೂಚಿಸಲಾದ ಉಪಾಯಗಳಲ್ಲಿ ಒಂದು. ಮೇಲೆ ಹೇಳಿದ ಎರಡನೆಯ ಮಾರ್ಗದ ಬೆಲೆ ಅಂದು ತಿಳಿಯಿತು.

ತಡಮಾಡಿದರೆ 2017ರ ಗತಿ, ಎಲ್ಲರಿಗೂ ಒಮ್ಮೆಲೇ ಕೊಟ್ಟರೆ 2024ರ ಗತಿ. ನಮ್ಮ ಊರಿನ ಅಡುಗೆ ಭಟ್ಟರು ಪಂಕ್ತಿಗೆ ಬಡಿಸುವ ಮೊದಲು ಸಾರಿನ ಹದ ನೋಡುವರಷ್ಟೆ? ಅಂತೆಯೇ ಮೊದಲು ನಾಲ್ಕೈದು ಅತಿಥಿಗಳಿಗೆ, ಒಂದು ದಿನ ಕಾದು ನೂರಕ್ಕೆ, ಆಮೇಲೆ ಉಳಿದವಕ್ಕೆ. ಹಿಂದಿರುಗುವ ದಾರಿಗಾಗಿ ಪೂರ್ವಸ್ಥಿತಿಯ ಪ್ರತಿ ಇರಲಿ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯದಿರಿ.

ನಮ್ಮ ಸಂಘದ ಅನೇಕ ತರುಣರು ಇದೇ ಉದ್ಯೋಗದಲ್ಲಿದ್ದಾರೆ. ಅವರಲ್ಲಿ ನನ್ನ ಬಿನ್ನಹವಿಷ್ಟೆ: ನಾಳೆಯೇ ತಮ್ಮ ಇಮೇಜ್‌ಗಳ ಪಟ್ಟಿ ಮಾಡಿ, ಪ್ರತಿಯೊಂದೂ ಕಡೆಯ ಬಾರಿ ನವೀಕೃತವಾದ ದಿನಾಂಕವನ್ನು ಅದರ ಮುಂದೆ ಬರೆಯಿರಿ. ಖಾಲಿ ಉಳಿದ ಸಾಲುಗಳೇ ಮುಂದಿನ ಕೆಲಸವನ್ನು ಹೇಳುತ್ತವೆ.