ಕಾಡಿಗೆ ಪುಕ್ಕಟೆ ಗೊಬ್ಬರ

ಪುಣೆಯ ಪರೀಕ್ಷಾಲಯವೊಂದರಲ್ಲಿ ನೀರು ಪರೀಕ್ಷಿಸುವುದು ನನ್ನ ಕೆಲಸ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ ಎಂದು ಬರೆಯುತ್ತೇವೆ. ಹೊಲದ ಯೂರಿಯಾ, ಚರಂಡಿ: ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆದರೆ ಯಾರೂ ಗೊಬ್ಬರ ಹಾಕದ ಕಾಡಿನ ಹಳ್ಳದಲ್ಲೂ ನೈಟ್ರೇಟ್ ಏರಬಹುದು ಎಂದಾಗ ಶಿರಸಿಯಲ್ಲಿರುವ ಅಪ್ಪ ನಂಬಲಿಲ್ಲ. ವಾಹನ, ವಿದ್ಯುತ್ ಸ್ಥಾವರಗಳ ಹೊಗೆ, ಯೂರಿಯಾ ಮತ್ತು ಸಗಣಿಯಿಂದ ಏಳುವ ಅಮೋನಿಯಾ, ಎಲ್ಲವೂ ಮಳೆಯ ಜೊತೆ ಕಾಡಿಗೆ ಇಳಿಯುತ್ತದೆ ಎಂದು ವಿವರಿಸಿದೆ.

“ತಮಾ, ಸಾರಜನಕ ಅಂದ್ರೆ ಗೊಬ್ಬರ. ಪುಕ್ಕಟೆ ಬಿದ್ರೆ ಕಾಡಿಗೆ ನಷ್ಟ ಏನು?”

ಕೇಳಬೇಕಾದ ಪ್ರಶ್ನೆಯೇ. ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ತೋಟಕ್ಕೆ ಹೊತ್ತವರು ನಾವು. ಕಾಡಿನಿಂದ ಸಾರಜನಕ ತೆಗೆದೇ ಗೊತ್ತು, ಹಾಕಿ ಗೊತ್ತಿಲ್ಲ.

ಹಾಕಿ ನೋಡಿದವರು ಅಮೆರಿಕದ ಮೇನ್ ರಾಜ್ಯದಲ್ಲಿದ್ದಾರೆ. ಅಲ್ಲಿನ ಬೇರ್ ಬ್ರೂಕ್‌ನಲ್ಲಿ ಅಕ್ಕಪಕ್ಕ ಎರಡು ಹಳ್ಳಗಳು, ಒಂದೊಂದಕ್ಕೂ ಸುಮಾರು 10 ಹೆಕ್ಟೇರ್ ಕಾಡು. 1989ರಿಂದ 2016ರವರೆಗೆ ಒಂದು ಕಾಡಿಗೆ ಮಾತ್ರ ಹೆಲಿಕಾಪ್ಟರಿನಿಂದ ಅಮೋನಿಯಂ ಸಲ್ಫೇಟ್ ಉದುರಿಸಿದರು. ವರ್ಷಕ್ಕೆ ಹೆಕ್ಟೇರಿಗೆ 25 ಕಿಲೋ ಸಾರಜನಕ. ಹೊಲದ ಲೆಕ್ಕಕ್ಕೆ ಏನೇನೂ ಅಲ್ಲ.

ಆದರೆ ಕಾಡಿನಲ್ಲಿ ಕೊಯ್ಲಿಲ್ಲ. ಮರಗಳಿಗೂ ಮಣ್ಣಿನ ಜೀವಾಣುಗಳಿಗೂ ಬೇಕಾಗಿ ಉಳಿದದ್ದು ನೈಟ್ರೇಟ್ ಆಗಿ ಹಳ್ಳಕ್ಕೆ ಹರಿಯುತ್ತದೆ, ಬರಿಗೈಲಿ ಹೋಗುವುದಿಲ್ಲ. ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಎಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಅದುವರೆಗೆ ಸುಮ್ಮನಿದ್ದ ಅಲ್ಯೂಮಿನಿಯಂ ಕರಗಿ ಬೇರಿಗೂ ಮೀನಿನ ಕಿವಿರಿಗೂ ವಿಷವಾಗುತ್ತದೆ. ಬೇರ್ ಬ್ರೂಕ್‌ನಲ್ಲಿ ಮೊದಲ ವರ್ಷಗಳಲ್ಲಿ ಹಳ್ಳದ ನೀರಿನಲ್ಲಿ ಕ್ಯಾಲ್ಸಿಯಂ ಏರಿತು, ಆಮೇಲೆ ಇಳಿಯಿತು. ವರದಿ ಮಾತ್ರ ನೋಡುವ ನನ್ನಂಥವನು ಇಳಿದದ್ದನ್ನು ಸುಧಾರಣೆ ಎಂದುಕೊಂಡಾನು. ನಿಜದಲ್ಲಿ ಮಣ್ಣಿನ ದಾಸ್ತಾನೇ ಕರಗುತ್ತಿತ್ತು.

ಉದುರಿಸುವುದು ನಿಂತ ಮೇಲೆ ನೈಟ್ರೇಟ್ ಬೇಗ ಇಳಿಯಿತು, ಸಲ್ಫೇಟ್ ನಿಧಾನಿಸಿತು. ಹೋದ ಕ್ಯಾಲ್ಸಿಯಂ ಮಾತ್ರ ಕಲ್ಲು ಸವೆದೇ ಬರಬೇಕು.

“ಸುಣ್ಣ ಹಾಕಿದ್ರಾತು” ಎಂದರು ಅಪ್ಪ. ಹುಳಿಮಣ್ಣಿನ ತೋಟದವರಿಗೆ ಇದನ್ನು ಹೇಳಿಕೊಡಬೇಕೇ!

ಹೆಚ್ಚುಕಡಿಮೆ ಅದನ್ನೇ ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್‌ನಲ್ಲಿ 1999ರಲ್ಲಿ ಮಾಡಿದ್ದರು. ಆಮ್ಲಮಳೆಯಿಂದ ಸೊರಗಿದ ಸುಮಾರು 12 ಹೆಕ್ಟೇರ್ ಕಾಡಿಗೆ ಕ್ಯಾಲ್ಸಿಯಂ ಸಿಲಿಕೇಟ್ ಸುರಿದರು. ಶುಗರ್ ಮೇಪಲ್ ಮರಗಳು ಚೇತರಿಸಿಕೊಂಡವು. ಸುಮಾರು ಹತ್ತು ವರ್ಷ ಕಳೆದ ಮೇಲೆ ಆ ಮಣ್ಣು ತಾನು ಹಿಡಿದಿಟ್ಟಿದ್ದ ಸಾರಜನಕವನ್ನು ಬಿಡತೊಡಗಿತು, ಹಳ್ಳದಲ್ಲಿ ನೈಟ್ರೇಟ್ ಏರಿತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಮುಂದಿನ ಸಲ ಬರುವಾಗ ಬಾಟ್ಲಿ ತಂದು ನಮ್ಮ ಬೆಟ್ಟದ ಹಳ್ಳದ ನೀರನ್ನೂ ಒಯ್ಯಲು ಹೇಳಿದರು.