ಊಟದ ಮೇಜಿಗೆ ಬಂದ ಬ್ರೆಜಿಲ್ ಕಾಡು

ಬ್ರೆಜಿಲ್ ದೇಶಕ್ಕೆ ಆ ಹೆಸರು ಬಂದದ್ದೇ ಒಂದು ಮರದಿಂದ. ಕೆಂಪು ಬಣ್ಣ ಕೊಡುವ ‘ಪಾವು ಬ್ರೆಜಿಲ್’ ಮರವನ್ನು ಪೋರ್ಚುಗೀಸರು ಹಡಗುಗಟ್ಟಲೆ ಯುರೋಪಿಗೆ ಸಾಗಿಸಿದರು. ಇಷ್ಟೊಂದು ಮರವಿದ್ದ ನಾಡಿನಲ್ಲೂ ಸ್ಥಿತಿವಂತರ ಊಟದ ಕೋಣೆಗೆ 20ನೇ ಶತಮಾನದ ಮೊದಲ ದಶಕಗಳವರೆಗೆ ಯುರೋಪಿನ ಹಳೆಯ ಮಾದರಿಗಳೇ ಬೇಕಾಗಿದ್ದವು. ಕೆತ್ತನೆ ತುಂಬಿದ ಭಾರಿ ಮೇಜು, ದಪ್ಪ ಮೆತ್ತೆಯ ಕುರ್ಚಿ. ಬೆವರಿಳಿಸುವ ಸೆಕೆಗೆ ಇವು ಹೊಂದುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಜೊವಾಕಿಂ ತೆನ್ರೇರೊ ಪ್ರಮುಖ. 1906ರಲ್ಲಿ ಪೋರ್ಚುಗಲ್‌ನ ಮರಗೆಲಸದ ಮನೆತನದಲ್ಲಿ ಹುಟ್ಟಿದ ಆತ 1928ರಲ್ಲಿ ಬ್ರೆಜಿಲ್‌ಗೆ ಬಂದು ನೆಲೆಸಿದ. ರಿಯೊ ಡಿ ಜನೈರೊದಲ್ಲಿ ಯುರೋಪಿನ ಶೈಲಿಗಳನ್ನೇ ನಕಲು ಮಾಡುವ ಕೆಲಸದಲ್ಲಿದ್ದವನು, 1942ರಲ್ಲಿ ವಾಸ್ತುಶಿಲ್ಪಿ ಆಸ್ಕರ್ ನೀಮೆಯರ್ ವಿನ್ಯಾಸದ ಮನೆಯೊಂದಕ್ಕೆ ಹೊಸ ಬಗೆಯ ಪೀಠೋಪಕರಣ ಮಾಡಿಕೊಟ್ಟ. ‘ಹಗುರ’ ಎಂಬುದೇ ಆತನ ಮಂತ್ರ. ಮೆತ್ತೆಯ ಬದಲು ಗಾಳಿಯಾಡುವ ಬೆತ್ತದ ಹೆಣಿಗೆ, ಕೆತ್ತನೆಯ ಬದಲು ಮರದ್ದೇ ಗೆರೆಗಳ ಚೆಲುವು.

ಇದನ್ನು ಸಾಧ್ಯವಾಗಿಸಿದ್ದು ಜಕರಂದಾ. ಬೆಂಗಳೂರಿನ ರಸ್ತೆಗಳಲ್ಲಿ ನೇರಳೆ ಹೂ ಬಿಡುವ ಮರ ಇದಲ್ಲ. ಇದು ನಮ್ಮ ಬೀಟೆ ಮರದ ಹತ್ತಿರದ ಬಂಧು. ಕಂದು ಮೈಯಲ್ಲಿ ಕಪ್ಪು ಗೆರೆಗಳ ಈ ಮರ ಬಲು ಗಟ್ಟಿ. ಆದ್ದರಿಂದಲೇ ಕುರ್ಚಿಯ ಕಾಲುಗಳನ್ನು ಸಪೂರವಾಗಿ ಇಳಿಸಿದರೂ ಅವು ಭಾರ ತಾಳುತ್ತಿದ್ದವು.

ತೆನ್ರೇರೊನ ನಂತರ ಬಂದ ಸೆರ್ಜಿಯೊ ರೋಡ್ರಿಗೆಸ್ 1955ರಲ್ಲಿ ರಿಯೊದಲ್ಲಿ ‘ಓಕಾ’ ಮಳಿಗೆ ತೆರೆದ. ಓಕಾ ಎಂದರೆ ಅಲ್ಲಿನ ಮೂಲನಿವಾಸಿಗಳ ಮನೆ. ಹೆಸರಿನಲ್ಲೇ ಆತನ ನಿಲುವು ಸ್ಪಷ್ಟ. 1960ರ ಏಪ್ರಿಲ್ 21ರಂದು ಹೊಸ ರಾಜಧಾನಿ ಬ್ರೆಸಿಲಿಯಾ ಉದ್ಘಾಟನೆಯಾದಾಗ ಅಲ್ಲಿನ ಸರ್ಕಾರಿ ಕಟ್ಟಡಗಳಿಗೂ ಈತನ ಪೀಠೋಪಕರಣಗಳು ಹೋದವು. ದೇಶ ತನ್ನ ಮರವನ್ನು ತನ್ನದೇ ರೀತಿಯಲ್ಲಿ ಬಳಸಲು ಕಲಿತಿತ್ತು.

ಆದರೆ ಮರವೇ ಉಳಿಯಲಿಲ್ಲ. ಜಕರಂದಾ ಬೆಳೆಯುವುದು ಅಟ್ಲಾಂಟಿಕ್ ಕರಾವಳಿಯ ಕಾಡಿನಲ್ಲಿ ಮಾತ್ರ. ಕಬ್ಬು, ಕಾಫಿ, ನಗರಗಳಿಗಾಗಿ ಆ ಕಾಡು ಬಯಲಾಯಿತು. ಪಿಯಾನೊ, ಗಿಟಾರ್‌ಗಳಿಗಾಗಿ ಹೊರದೇಶಗಳೂ ಈ ಮರವನ್ನು ಕೊಂಡವು. ಕುರ್ಚಿ ಮೇಜುಗಳ ಪಾಲೂ ಅದರಲ್ಲಿದೆ. 1992ರಲ್ಲಿ ಜಕರಂದಾದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟ್ಸ್ ಒಪ್ಪಂದದಡಿ ನಿಷೇಧ ಬಂತು. ತೆನ್ರೇರೊ ತೀರಿಕೊಂಡದ್ದೂ ಅದೇ ವರ್ಷ.

ಈಗ ಆ ಕಾಲದ ಊಟದ ಮೇಜೊಂದು ಗಡಿ ದಾಟಬೇಕಾದರೆ, ಅದರ ಮರ ನಿಷೇಧಕ್ಕೆ ಮೊದಲಿನದು ಎಂಬ ಪ್ರಮಾಣಪತ್ರ ಬೇಕು. ರೋಡ್ರಿಗೆಸ್‌ನ ವಿನ್ಯಾಸಗಳು ಬೇರೆ ಮರಗಳಲ್ಲಿ ಮತ್ತೆ ತಯಾರಾಗುತ್ತಿವೆ. ನಮ್ಮ ಬೀಟೆಯ ವ್ಯಾಪಾರವೂ 2017ರಿಂದ ಅದೇ ಒಪ್ಪಂದದ ನಿಯಂತ್ರಣದಲ್ಲಿದೆ. ವಿನ್ಯಾಸವನ್ನು ಎಷ್ಟು ಸಲವಾದರೂ ಮರುಸೃಷ್ಟಿಸಬಹುದು. ಬಲಿತ ಮರಕ್ಕೆ ತಲೆಮಾರುಗಳೇ ಬೇಕು.