ಟ್ರ್ಯಾಕ್ಟರಿನ ಗಾಲಿ ಮತ್ತು ಭಾರದ ಲೆಕ್ಕ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯತ್ತ ಸಾಗುವ ದಾರಿಗಳಲ್ಲಿ ಟ್ರ್ಯಾಕ್ಟರುಗಳ ಸಾಲು ಹಗಲಿರುಳೂ ಕಾಣಸಿಗುತ್ತದೆ. ಒಂದೊಂದರ ಹಿಂದೆಯೂ ಎರಡೆರಡು ಟ್ರೇಲರುಗಳು, ಅವುಗಳ ಮೇಲೆ ಮನೆಯೆತ್ತರಕ್ಕೆ ಹೇರಿದ ಕಬ್ಬು. ಈ ಟ್ರ್ಯಾಕ್ಟರುಗಳ ಮುಂಭಾಗವನ್ನು ಲಕ್ಷ್ಯವಿಟ್ಟು ನೋಡಿದರೆ ಅಲ್ಲಿ ಎರಕದ ಕಬ್ಬಿಣದ ಹಲಗೆಗಳನ್ನು ತೂಗುಹಾಕಿರುವುದು ಕಂಡುಬರುತ್ತದೆ. ಹಲಗೆ ಇಲ್ಲದವರು ಮರಳಿನ ಚೀಲವನ್ನೋ ಕಲ್ಲನ್ನೋ ಬಿಗಿದಿರುತ್ತಾರೆ. ಹಿಂದಿನ ದೊಡ್ಡ ಗಾಲಿಗಳ ಒಳಗೆ, ಕಣ್ಣಿಗೆ ಕಾಣದಂತೆ, ನೀರು ತುಂಬಿರುವುದೂ ಉಂಟು. ಎಳೆಯಬೇಕಾದ ಭಾರವೇ ಅಷ್ಟಿರುವಾಗ ಎಳೆಯುವ ಯಂತ್ರಕ್ಕೆ ಮತ್ತಷ್ಟು ಭಾರವನ್ನು ಹೇರುವುದೇಕೆ ಎಂಬ ಪ್ರಶ್ನೆ ನೋಡುವವರ ಮನಸ್ಸಿನಲ್ಲಿ ಮೂಡುವುದು ಸಹಜ.

ಭಾರದ ಈ ಉಪಯೋಗ ನಮ್ಮ ಒಕ್ಕಲುತನಕ್ಕೆ ಹೊಸದೇನೂ ಅಲ್ಲ. ಹರಗುವಾಗ ಕುಂಟೆ ನೆಲಕ್ಕಿಳಿಯದಿದ್ದರೆ ಅದರ ಮೇಲೊಂದು ಕಲ್ಲು ಇಡುವುದು, ಕೊರಡು ಹೊಡೆಯುವಾಗ ಅದರ ಮೇಲೆ ಆಳು ನಿಲ್ಲುವುದು ಎಲ್ಲ ರೈತರೂ ಬಲ್ಲ ಸಂಗತಿ. ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಹೊಡೆಯುವವನು ಹಗ್ಗದ ಮೇಲೆಯೇ ಕುಳಿತು ತನ್ನ ಮೈಭಾರವನ್ನು ಎಳೆತಕ್ಕೆ ಸೇರಿಸುತ್ತಿದ್ದನು. ಚಕ್ಕಡಿ ಹೇರುವಲ್ಲಿಯಂತೂ ಈ ವಿದ್ಯೆ ಇನ್ನೂ ಸೂಕ್ಷ್ಮವಾದುದು. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ನೊಗವೇ ಮೇಲಕ್ಕೇಳುತ್ತದೆ. ಟ್ರ್ಯಾಕ್ಟರಿನ ಭಾರದ ಲೆಕ್ಕವೂ ಮೂಲತಃ ಇದೇ ಆಗಿದೆ. ಆದರೆ ಇಲ್ಲಿ ಲೆಕ್ಕ ತಪ್ಪಿದರೆ ಮೇಲಕ್ಕೇಳುವುದು ನೊಗವಲ್ಲ, ಚಾಲಕನನ್ನು ಹೊತ್ತ ಯಂತ್ರ.

ಮೊದಲು ಎಳೆತದ ವಿಚಾರ. ಎಂಜಿನ್ನಿನ ಶಕ್ತಿ ಎಷ್ಟೇ ಇರಲಿ, ಅದು ನೆಲಕ್ಕೆ ತಲುಪಬೇಕಾದುದು ಹಿಂದಿನ ಎರಡು ಗಾಲಿಗಳ ಮೂಲಕ. ಗಾಲಿ ನೆಲವನ್ನು ಎಷ್ಟು ಒತ್ತುತ್ತದೆಯೋ ಅದಕ್ಕೆ ತಕ್ಕಂತೆ ಅದರ ಹಿಡಿತ. ಉತ್ತ ಹೊಲದಲ್ಲಿ ಈ ಹಿಡಿತವು ಗಾಲಿಯ ಮೇಲಿನ ಭಾರದ ಸುಮಾರು ಅರ್ಧದಷ್ಟು, ಒಣಗಿದ ಡಾಂಬರು ರಸ್ತೆಯಲ್ಲಿ ಅದಕ್ಕಿಂತ ಗಣನೀಯವಾಗಿ ಹೆಚ್ಚು, ತೊಯ್ದ ಎರೆಮಣ್ಣಿನಲ್ಲಿ ತೀರ ಕಡಿಮೆ. ಅಂದರೆ ಹಿಂದಿನ ಗಾಲಿಗಳ ಮೇಲೆ 1300 ಕಿಲೋಗ್ರಾಂ ಇದ್ದರೆ ಹೊಲದಲ್ಲಿ ದೊರೆಯುವ ಎಳೆತ ಸುಮಾರು 650 ಕಿಲೋಗ್ರಾಂ. ಅದಕ್ಕೂ ಮಿಗಿಲಾದ ಎಳೆತ ಬೇಕಾದಾಗ ಗಾಲಿಯು ನಿಂತಲ್ಲಿಯೇ ತಿರುಗುತ್ತದೆ. ಡೀಸೆಲ್ಲು ಉರಿಯುತ್ತದೆ, ಟೈರು ಸವೆಯುತ್ತದೆ, ನೆಲದಲ್ಲಿ ಗುಂಡಿ ಬೀಳುತ್ತದೆ, ಹೊಲ ಮಾತ್ರ ಉತ್ತಂತಾಗುವುದಿಲ್ಲ.

ಹಿಂದೆ ಟ್ರ್ಯಾಕ್ಟರುಗಳಿಗೆ ಹಲ್ಲುಗಳುಳ್ಳ ಕಬ್ಬಿಣದ ಗಾಲಿಗಳಿದ್ದವು. 1932ರಲ್ಲಿ ಅಮೆರಿಕದ ಅಲಿಸ್ ಚಾಮರ್ಸ್ ಕಂಪನಿಯು ಗಾಳಿ ತುಂಬಿದ ರಬ್ಬರು ಟೈರಿನ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. ಕಬ್ಬಿಣದ ಹಲ್ಲು ನೆಲವನ್ನು ಕಚ್ಚಿ ಹಿಡಿಯುತ್ತಿದ್ದಲ್ಲಿ ರಬ್ಬರು ಒತ್ತಿ ಹಿಡಿಯಬೇಕಾಯಿತು. ಒತ್ತಲು ಭಾರ ಬೇಕು. ಟೈರಿನ ಒಳಗಿನ ಬರಿದಾದ ಅವಕಾಶವನ್ನೇ ಭಾರಕ್ಕಾಗಿ ಬಳಸಿಕೊಳ್ಳುವ ಉಪಾಯ ಹೀಗೆ ರೂಢಿಗೆ ಬಂದಿತು. ನೀರು ಹೆಪ್ಪುಗಟ್ಟುವ ಶೀತದೇಶಗಳಲ್ಲಿ ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸುತ್ತಾರೆ. ಹುಕ್ಕೇರಿಯ ಚಳಿಗೆ ಅಂತಹ ಗೊಡವೆ ಬೇಕಿಲ್ಲ. ಬಾವಿಯ ಶುದ್ಧ ನೀರೇ ಸಾಕು. ಸವಳು ನೀರು ಮಾತ್ರ ಸಲ್ಲದು. ಟ್ಯೂಬು ಸೋರಿದರೆ ಅದು ಗಾಲಿಯ ಲೋಹಕ್ಕೆ ತುಕ್ಕು ಹಿಡಿಸುತ್ತದೆ.

ನೀರು ತುಂಬುವ ಕ್ರಮ ಸರಳವಾದುದು. ಜಾಕಿನಿಂದ ಗಾಲಿಯನ್ನು ಎತ್ತಿ, ಗಾಳಿ ತುಂಬುವ ವಾಲ್ವು ಎಲ್ಲಕ್ಕಿಂತ ಮೇಲೆ ಬರುವಂತೆ ತಿರುಗಿಸಿ ನಿಲ್ಲಿಸಬೇಕು. ವಾಲ್ವಿನ ಒಳಕಡ್ಡಿಯನ್ನು ತೆಗೆದು, ಎತ್ತರದ ತೊಟ್ಟಿಯಿಂದ ಬಂದ ಕೊಳವೆಯನ್ನು ಜೋಡಿಸಿ, ನಡುನಡುವೆ ಕೊಳವೆ ಬಿಡಿಸಿ ಒಳಗಿನ ಗಾಳಿಗೆ ಹೊರಬರಲು ಎಡೆ ಕೊಡಬೇಕು. ವಾಲ್ವಿನ ಮಟ್ಟಕ್ಕೆ ನೀರು ಬಂದು ಹೊರಚೆಲ್ಲಿತೆಂದರೆ ಟೈರಿನ ಮುಕ್ಕಾಲು ಭಾಗ ತುಂಬಿದೆ ಎಂದೇ ಅರ್ಥ. ಉಳಿದ ಕಾಲು ಭಾಗದಲ್ಲಿ ಗಾಳಿಯನ್ನು, ಕಂಪನಿಯ ಕೈಪಿಡಿ ಹೇಳಿದ ಒತ್ತಡಕ್ಕೆ, ತುಂಬಬೇಕು. ಈ ಕಾಲು ಭಾಗವನ್ನೂ ನೀರಿನಿಂದಲೇ ತುಂಬಿಬಿಡುವ ಅತ್ಯಾಸೆ ತರವಲ್ಲ. ಗಾಳಿ ಕುಗ್ಗುತ್ತದೆ, ನೀರು ಕುಗ್ಗದು. ಗಾಳಿಯಿಲ್ಲದ ಟೈರು ಕಲ್ಲಿಗೆ ಬಡಿದಾಗ ಪೆಟ್ಟನ್ನೆಲ್ಲ ಅದರ ಮೈಯೇ ಉಣ್ಣಬೇಕಾಗುತ್ತದೆ. ನಮ್ಮ ಭಾಗದಲ್ಲಿ ಸಾಮಾನ್ಯವಾಗಿರುವ 13.6-28 ಅಳತೆಯ ಟೈರಿಗೆ ಮುಕ್ಕಾಲು ಭಾಗವೆಂದರೆ ಸುಮಾರು 150 ಲೀಟರು. ಎರಡು ಗಾಲಿಗಳಿಗೆ ಸೇರಿ 300 ಕಿಲೋಗ್ರಾಂ ಭಾರ. ಮೇಲಿನ ಲೆಕ್ಕದ ಪ್ರಕಾರ ಹೊಲದಲ್ಲಿ ಸುಮಾರು 150 ಕಿಲೋಗ್ರಾಂ ಹೆಚ್ಚಿನ ಎಳೆತ ದೊರೆತಂತಾಯಿತು. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರಕಾರದ ಪರೀಕ್ಷಣಾ ಸಂಸ್ಥೆಯು ಟ್ರ್ಯಾಕ್ಟರುಗಳ ಎಳೆತವನ್ನು ಹೆಚ್ಚುವರಿ ಭಾರ ಇದ್ದಾಗ, ಇಲ್ಲದಾಗ ಎಂದು ಪ್ರತ್ಯೇಕವಾಗಿ ಅಳೆಯುವುದು ಈ ಕಾರಣಕ್ಕಾಗಿಯೇ.

ಭಾರ ಸಾಕಾಯಿತೇ, ಹೆಚ್ಚಾಯಿತೇ ಎಂಬುದನ್ನು ತಿಳಿಯಲು ಸುಣ್ಣದ ಒಂದು ಗುರುತು ಮತ್ತು ಅಳತೆಯ ಟೇಪು ಇದ್ದರೆ ಸಾಲುತ್ತದೆ. ಹಿಂದಿನ ಗಾಲಿಗೆ ಗುರುತು ಮಾಡಿ, ನೇಗಿಲನ್ನು ಮೇಲೆತ್ತಿಕೊಂಡು ಅದೇ ಹೊಲದಲ್ಲಿ ಗಾಲಿಯ ಹತ್ತು ಸುತ್ತಿಗೆ ಎಷ್ಟು ದೂರ ಸಾಗುವುದೆಂದು ಅಳೆಯಬೇಕು. ಅದು 40 ಮೀಟರು ಎಂದಿಟ್ಟುಕೊಳ್ಳೋಣ. ಬಳಿಕ ನೇಗಿಲು ಹೂಡಿ ಉಳುತ್ತ ಮತ್ತೆ ಹತ್ತು ಸುತ್ತುಗಳನ್ನು ಎಣಿಸಬೇಕು. ಈಗ 35 ಮೀಟರು ಬಂದರೆ ಐದು ಮೀಟರು ಜಾರಿದಂತಾಯಿತು, ಅಂದರೆ ನೂರಕ್ಕೆ ಹನ್ನೆರಡೂವರೆ. ನೂರಕ್ಕೆ ಎಂಟರಿಂದ ಹದಿನೈದರವರೆಗಿನ ಜಾರುವಿಕೆ ಹೊಲದ ಕೆಲಸಕ್ಕೆ ಯೋಗ್ಯವಾದುದು. ಅದನ್ನು ಮೀರಿದರೆ ಭಾರ ಸಾಲದು. ಜಾರುವಿಕೆ ಇಲ್ಲವೇ ಇಲ್ಲವೆಂದು ಹೆಮ್ಮೆಪಡುವವನ ಟ್ರ್ಯಾಕ್ಟರು ಅನವಶ್ಯಕ ಭಾರವನ್ನು ಹೊತ್ತು ತಿರುಗುತ್ತಿದೆ ಎಂದು ತಿಳಿಯಬೇಕು. ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ತನ್ನ ಹೊಲದಲ್ಲಿ ಅರ್ಧ ಗಂಟೆಯಲ್ಲಿ ಮಾಡಿ ನೋಡಬಹುದಾದ ಪ್ರಯೋಗವಿದು.

ಇನ್ನು ಎಲ್ಲಕ್ಕಿಂತ ಗಂಭೀರವಾದ ವಿಷಯ, ಮುಂದಿನ ಗಾಲಿಗಳು ಮೇಲಕ್ಕೇಳುವುದು. 1917ರಿಂದ ತಯಾರಾದ ಫೋರ್ಡ್‌ಸನ್ ಟ್ರ್ಯಾಕ್ಟರು ಅಗ್ಗವೆಂದು ಹೆಸರಾದಂತೆಯೇ ಹಿಮ್ಮೊಗವಾಗಿ ಮಗುಚುತ್ತದೆಂಬ ಅಪಕೀರ್ತಿಯನ್ನೂ ಪಡೆದಿತ್ತು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿ ನಿಂತಾಗ ಯಂತ್ರವೇ ಎದ್ದು ಚಾಲಕನ ಮೇಲೆ ಬೀಳುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ರೂಪಿಸಿದ ಮೂರು ಬಿಂದುಗಳ ಜೋಡಣೆಯು ಈ ಅಪಾಯಕ್ಕೆ ಪರಿಹಾರವನ್ನು ಒದಗಿಸಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಅದೇ ಜೋಡಣೆ. ಅದರಲ್ಲಿ ನೇಗಿಲು ತಡೆದಾಗ ಮೇಲಿನ ದಂಡವು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಮೂತಿಯನ್ನು ಕೆಳಗೇ ಇಡುತ್ತದೆ. ಆದರೆ ಟ್ರೇಲರನ್ನು ಹುಕ್ಕಿಗೆ ಸಿಕ್ಕಿಸಿ ಎಳೆಯುವಾಗ ಈ ರಕ್ಷಣೆ ಇಲ್ಲ. ನಮ್ಮ ಕಬ್ಬಿನ ದಾರಿಗಳಲ್ಲಿ ನಡೆಯುವುದು ಬಹುಪಾಲು ಇದೇ ಕೆಲಸ.

ಸನ್ನೆಯ ನಿಯಮದಿಂದ ಇದನ್ನು ಲೆಕ್ಕ ಹಾಕಬಹುದು. ಟ್ರ್ಯಾಕ್ಟರಿನ ಒಟ್ಟು ತೂಕ 2000 ಕಿಲೋಗ್ರಾಂ. ಅದರಲ್ಲಿ ಮುಂದಿನ ಗಾಲಿಗಳ ಮೇಲೆ 700. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಎರಡು ಮೀಟರು. ನೆಲದಿಂದ ಅರ್ಧ ಮೀಟರು ಎತ್ತರದ ಹುಕ್ಕಿನಿಂದ 1000 ಕಿಲೋಗ್ರಾಂ ಎಳೆತ ನಡೆದರೆ ಮುಂಭಾಗದಿಂದ 250 ಕಿಲೋಗ್ರಾಂ ಹಿಂದಕ್ಕೆ ಸರಿಯುತ್ತದೆ. ಉಳಿದ 450 ಕಿಲೋಗ್ರಾಮಿನಲ್ಲಿ ಸ್ಟೀರಿಂಗು ಚೆನ್ನಾಗಿಯೇ ಮಾತು ಕೇಳುತ್ತದೆ. ಒಟ್ಟು ತೂಕದ ಐದನೆಯ ಒಂದು ಭಾಗವಾದರೂ ಮುಂದೆ ಉಳಿಯಬೇಕೆಂಬುದು ನಿಯಮ. ಆದರೆ ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಅವಸರದಲ್ಲಿ ಸರಪಳಿಯನ್ನು ಒಂದು ಮೀಟರು ಎತ್ತರದ ಮೇಲಿನ ಜೋಡಣೆಗೆ ಕಟ್ಟಿದರೆ ಅದೇ ಎಳೆತಕ್ಕೆ 500 ಕಿಲೋಗ್ರಾಂ ಸರಿದು ಮುಂದೆ ಉಳಿಯುವುದು 200 ಮಾತ್ರ. ಅದರ ಮೇಲೆ ಒಂದು ಏರು, ಕ್ಲಚ್ಚನ್ನು ಥಟ್ಟನೆ ಬಿಟ್ಟ ಒಂದು ಜಗ್ಗು ಸೇರಿದರೆ ಸಾಕು. ಎದ್ದ ಟ್ರ್ಯಾಕ್ಟರು ಮರಳಿ ಕೂಡಲಾಗದ ಸ್ಥಿತಿಯನ್ನು ಮುಟ್ಟಲು ಒಂದು ಸೆಕೆಂಡು ಬೇಕಾಗುವುದಿಲ್ಲ. ಅಷ್ಟರಲ್ಲಿ ಚಾಲಕನ ಕಾಲು ಕ್ಲಚ್ಚಿಗೆ ಹೋಗಿರುವುದೇ ಇಲ್ಲ.

ಇಲ್ಲಿ ಅನೇಕರು ಗಮನಿಸದ ಒಂದು ಸೂಕ್ಷ್ಮವಿದೆ. ಹಗುರಾದ ಟ್ರ್ಯಾಕ್ಟರಿನಲ್ಲಿ ಎಳೆತ ಮಿತಿಮೀರಿದಾಗ ಗಾಲಿ ಜಾರಿಬಿಡುತ್ತದೆ. ಈ ಜಾರುವಿಕೆ ನಷ್ಟವೆಂದು ಮೇಲೆ ಹೇಳಿತಾದರೂ ಅದೇ ಒಂದು ಕಾವಲೂ ಹೌದು. ಹಿಂದಿನ ಗಾಲಿಗೆ ನೀರು ತುಂಬಿದಾಗ ಆ ಕಾವಲು ಸಡಿಲಾಗುತ್ತದೆ: ಜಾರದ ಗಾಲಿ ಮೂತಿಯನ್ನು ಎತ್ತುತ್ತದೆ. ಆದುದರಿಂದ ಹಿಂದೆ ನೀರು ತುಂಬಿ ಭಾರ ಎಳೆಯುವವನು ಮುಂದೆ ಕಬ್ಬಿಣವನ್ನು ಹಾಕಲೇಬೇಕು. ಮುಂದಿನ ಅಚ್ಚಿಗಿಂತ 60 ಸೆಂಟಿಮೀಟರು ಮುಂದೆ ತೂಗಿದ 100 ಕಿಲೋಗ್ರಾಂ ಕಬ್ಬಿಣವು ಸನ್ನೆಯ ಬಲದಿಂದ ಮುಂದಿನ ಗಾಲಿಗಳ ಮೇಲೆ 130 ಕಿಲೋಗ್ರಾಮಾಗಿ ಕೂಡುತ್ತದೆ. ಹಗ್ಗದಲ್ಲಿ ಬಿಗಿದ ಕಲ್ಲು ಇದೇ ಕೆಲಸವನ್ನು ಮಾಡೀತು, ಉರುಳಿ ಗಾಲಿಯ ಮುಂದೆಯೇ ಬೀಳುವವರೆಗೆ. ಟ್ರೇಲರಿನ ಹುಕ್ಕಂತೂ ಎಂದಿಗೂ ಹಿಂದಿನ ಅಚ್ಚಿಗಿಂತ ಕೆಳಗೇ ಇರತಕ್ಕದ್ದು. ಎರೆಯಲ್ಲಿ ಹೂತ ಗಾಲಿಗೆ ಮರದ ತುಂಡನ್ನು ಕಟ್ಟಿ ಮುಂದಕ್ಕೆ ಹಾರಿಸುವ ಸಾಹಸವಂತೂ ಎಲ್ಲಕ್ಕಿಂತ ಕೆಟ್ಟದ್ದು. ತಿರುಗಲಾರದ ಗಾಲಿಯ ಸುತ್ತ ಟ್ರ್ಯಾಕ್ಟರೇ ತಿರುಗುತ್ತದೆ. ಹಿಂದಕ್ಕೆ ನಡೆಸಿ ಹೊರತೆಗೆಯುವುದು, ಟ್ರೇಲರುಗಳನ್ನು ಬಿಡಿಸಿ ಒಂದೊಂದನ್ನೇ ರಸ್ತೆಗೆ ತರುವುದು ತಡವಾದರೂ ಜೀವ ಉಳಿಸುವ ಮಾರ್ಗ. ಇತ್ತೀಚಿನ ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರುಗಳಲ್ಲಿ ಮುಂಭಾರ ಹೆಚ್ಚಿರುವುದರಿಂದ ಅಪಾಯ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ.

ಭಾರಕ್ಕೆ ನೆಲವೂ ಬೆಲೆ ತೆರುತ್ತದೆ. ಘಟಪ್ರಭೆಯ ಕಾಲುವೆಗಳು ಹರಿಯುವ ಗೋಕಾಕ, ಮೂಡಲಗಿ ಕಡೆಯ ಎರೆಭೂಮಿ ಹಸಿಯಾಗಿದ್ದಾಗ ಗಾಲಿಯ ಒತ್ತಡಕ್ಕೆ ಕಣಗಳು ಒಂದಕ್ಕೊಂದು ಅಂಟಿ, ನೀರೂ ಗಾಳಿಯೂ ಹೋಗುವ ಸಂದುಗಳು ಮುಚ್ಚಿಹೋಗುತ್ತವೆ. ನೇಗಿಲ ಆಳಕ್ಕಿಂತ ಕೆಳಗೆ ಗಟ್ಟಿಪದರು ಕಟ್ಟಿ ಬೇರು ಅಡ್ಡಡ್ಡ ಹರಿಯುತ್ತದೆ. ಮೇಲಿನಿಂದ ನೋಡುವವನಿಗೆ ಬೆಳೆ ಕುಗ್ಗಿದ್ದು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಮಡ್ಡಿಯ ಕೆಂಪು ನೆಲ ಒಣಗಿದ್ದಾಗ ಅಷ್ಟು ಹಾನಿಯಿಲ್ಲ. ಆದುದರಿಂದ ನೆಲ ಹದಕ್ಕೆ ಬರುವ ಮುನ್ನ ಭಾರದ ಟ್ರ್ಯಾಕ್ಟರನ್ನು ಎರೆಗೆ ಇಳಿಸಬಾರದು; ಬಿತ್ತನೆ, ಎಡೆಹೊಡೆತಗಳಂತಹ ಹಗುರ ಕೆಲಸಕ್ಕೆ ಹೋಗುವಾಗ ಹೆಚ್ಚಿನ ಭಾರವನ್ನು ಕಳಚಿಡಬೇಕು. ಕಬ್ಬಿಣದ ಹಲಗೆ ಬಿಚ್ಚಲು ಹತ್ತು ನಿಮಿಷ ಸಾಕು. ನೀರು ಇಳಿಸುವುದು ತುಸು ಬೇಸರದ ಕೆಲಸವಾದ್ದರಿಂದ ಹೆಚ್ಚಿನವರು ವರ್ಷವಿಡೀ ಹಾಗೆಯೇ ಬಿಡುತ್ತಾರೆ. ಗಾಲಿಯನ್ನು ಜಾಕಿನ ಮೇಲೆತ್ತಿ, ವಾಲ್ವು ಕೆಳಗೆ ಬರುವಂತೆ ತಿರುಗಿಸಿ, ಒಳಕಡ್ಡಿ ತೆಗೆದಿಟ್ಟರೆ ಬಹುಪಾಲು ನೀರು ತಾನಾಗಿಯೇ ಹರಿದು ಹೋಗುತ್ತದೆ. ಹಂಗಾಮು ಮುಗಿದು ಬೇಸಿಗೆ ಕಾಲಿಡುವ ಆ ದಿನಗಳಲ್ಲಿ ಬದುವಿನ ಮೇಲಿನ ಮಾವಿನ ಸಸಿಗಳ ಬಳಿ ಟ್ರ್ಯಾಕ್ಟರನ್ನು ನಿಲ್ಲಿಸಿ ಈ ಕೆಲಸ ಮಾಡಿದರೆ ಮುನ್ನೂರು ಲೀಟರು ನೀರೂ ಹಾಳಾಗುವುದಿಲ್ಲ.